ಊರಲ್ಲಿ ಮನಸ್ಸಿನ ಕಾಯಿಲೆ ಬಗ್ಗೆ ಮಾತು ಶುರು ಮಾಡುವುದು ಹೇಗೆ?

ಊರಿನವರ ಮುಂದೆ ಬಾಯಿ ಬಿಡುವ ಮೊದಲು ಡಾಕ್ಟರ್ ಎಲ್ಲಿ ಸಿಗುತ್ತಾರೆ, ಯಾವ ದಿನ ಸಿಗುತ್ತಾರೆ ಅಂತ ಗೊತ್ತು ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯೋ, ಶಾಲೆ ಮೇಷ್ಟ್ರೋ, ಸ್ತ್ರೀಶಕ್ತಿ ಸಂಘದವರೋ, ರಜೆಗೆ ಮನೆಗೆ ಬಂದ ಕಾಲೇಜು ಹುಡುಗಿಯೋ, ನೀವು ಯಾರೇ ಆಗಿರಿ, ಇದೇ ಮೊದಲ ಕೆಲಸ. ನಿಮ್ಮ ಮಾತು ಕೇಳಿ ಒಬ್ಬ ತಾಯಿ ಧೈರ್ಯ ಮಾಡಿ "ನನ್ನ ಮಗನಿಗೂ ಹಿಂಗೇ ಆಗ್ತಿದೆ, ಎಲ್ಲಿ ತೋರಿಸ್ಲಿ?" ಅಂತ ಕೇಳುತ್ತಾರೆ. ಆಗ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಆಕೆ ಇನ್ನೊಂದು ಸಲ ಯಾರನ್ನೂ ಕೇಳುವುದಿಲ್ಲ.

ಕರ್ನಾಟಕದಲ್ಲಿ ದಾರಿ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ, ಮಾತ್ರೆ ಅಲ್ಲೇ ಕೊಡುತ್ತಾರಾ ಅಥವಾ ಹೊರಗೆ ಬರೆದುಕೊಡುತ್ತಾರಾ, ಎಷ್ಟು ಹೊತ್ತು ಕಾಯಬೇಕು, ಸಂಜೆ ವಾಪಸ್ ಬರುವ ಬಸ್ ಎಷ್ಟಕ್ಕೆ, ಇದನ್ನೆಲ್ಲಾ ಒಂದು ಸಲ ಹೋಗಿ ಕಣ್ಣಾರೆ ನೋಡಿ ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿರುತ್ತಾರೆ. ದೊಡ್ಡ ತೊಂದರೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅನ್ನೋ ಮನಸ್ಸಿನ ಕಾಯಿಲೆಯ ದೊಡ್ಡ ಆಸ್ಪತ್ರೆಗಳಿವೆ. ಯಾವುದೂ ಸಾಧ್ಯವಾಗದಿದ್ದರೆ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಳ್ಳಿಯಲ್ಲಿ ಇದೆಲ್ಲಾ ಆಗುವ ಮಾತಾ ಅಂತ ಯಾರಾದರೂ ಅಂದರೆ ಬಳ್ಳಾರಿಯ ವಿಷಯ ಹೇಳಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯಲ್ಲಿ ಶುರುವಾಯಿತು. ನಮ್ಮ ನೆಲದಲ್ಲೇ ಹುಟ್ಟಿದ ಕೆಲಸ ಇದು. ಆದರೂ ಕೊರತೆ ಇನ್ನೂ ದೊಡ್ಡದೇ. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಒಂದಲ್ಲ ಒಂದು ಮನಸ್ಸಿನ ತೊಂದರೆ ಕಂಡುಬಂತು, ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈಗ ಎಲ್ಲಿ ಮಾತಾಡಬೇಕು ಅನ್ನೋದು. ದಯವಿಟ್ಟು ಬ್ಯಾನರ್ ಕಟ್ಟಬೇಡಿ, ಮೈಕ್ ಹಾಕಬೇಡಿ. "ಮಾನಸಿಕ ಆರೋಗ್ಯ ಅರಿವು ಕಾರ್ಯಕ್ರಮ" ಅಂತ ದೊಡ್ಡದಾಗಿ ಬರೆದ ಕಡೆಗೆ, ಮನೆಯಲ್ಲಿ ಕಾಯಿಲೆಯವರು ಇರುವ ಕುಟುಂಬದವರು ಬರುವುದೇ ಇಲ್ಲ. ಬಂದರೆ ಊರಿಗೆಲ್ಲಾ ಗೊತ್ತಾಗುತ್ತದೆ, ಮಗಳ ಮದುವೆಗೆ ತೊಂದರೆ ಅನ್ನೋ ಭಯ. ಜನ ಈಗಾಗಲೇ ಸೇರುವ ಕಡೆ ಹೋಗಿ: ಸಂಘದ ವಾರದ ಸಭೆ, ಅಂಗನವಾಡಿಯ ತಾಯಂದಿರ ಸಭೆ, ಹಾಲಿನ ಡೇರಿ, ನರೇಗಾ ಕೆಲಸದ ಊಟದ ಹೊತ್ತು, ಅರಳಿಕಟ್ಟೆ. ಹೆಂಗಸರ ಜೊತೆ ಬೇರೆ, ಗಂಡಸರ ಜೊತೆ ಬೇರೆ ಕೂತರೆ ಒಳ್ಳೆಯದು. ಗಂಡನ ಕುಡಿತದ ಬಗ್ಗೆ ಗಂಡನ ಎದುರು ಯಾರು ಬಾಯಿ ಬಿಡುತ್ತಾರೆ ಹೇಳಿ? ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಹೋಗಲೇಬೇಡಿ.

ಮಾತನ್ನು ನಿದ್ದೆಯಿಂದ ಶುರು ಮಾಡಿ. "ಅಕ್ಕಾ, ರಾತ್ರಿ ನಿದ್ದೆ ಸರಿ ಬರುತ್ತಾ?" ಅಂದರೆ ಯಾರಿಗೂ ಬೇಜಾರಿಲ್ಲ. ಅಲ್ಲಿಂದ ಊಟ ಸೇರುತ್ತಾ, ಹೊಲಕ್ಕೆ ಹೋಗೋಕೆ ಮನಸ್ಸಾಗುತ್ತಾ, ಸುಮ್ನೆ ಕೂತಾಗ ಅಳು ಬರುತ್ತಾ ಅಂತ ಮುಂದೆ ಹೋಗಬಹುದು. ನಮ್ಮ ಕಡೆ ಮನಸ್ಸಿನ ಸಂಕಟ ಮೊದಲು ಮೈಯಲ್ಲೇ ಹೇಳಿಕೊಳ್ಳುತ್ತದೆ. ಮೈಕೈ ನೋವು, ಎದೆ ಹೊಡೆದುಕೊಳ್ಳುವುದು, ತಲೆ ಸುತ್ತು, ಹೊಟ್ಟೆಯಲ್ಲಿ ಏನೋ ಸಂಕಟ. ಅದಕ್ಕೆ ಸೂಜಿ ಹಾಕಿಸಿಕೊಂಡು, ಗ್ಲೂಕೋಸ್ ಏರಿಸಿಕೊಂಡು, ಸಾಲ ಮಾಡಿ ಸ್ಕ್ಯಾನಿಂಗ್ ಮಾಡಿಸಿ, ಎಲ್ಲಾ ನಾರ್ಮಲ್ ಅಂತ ಹೇಳಿಸಿಕೊಂಡು ಬಂದವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರಿಗೆ "ನಿಮಗೆ ಏನೂ ಇಲ್ಲ" ಅನ್ನಬೇಡಿ. ನೋವು ನಿಜ. ಎರಡು ವಾರಕ್ಕಿಂತ ಜಾಸ್ತಿ ಬೇಸರ, ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಜೊತೆಯಾಗಿದ್ದರೆ ಅದು ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಿ ಅಂತ ಹೇಳಿ.

ಆಮೇಲೆ ಜೋರಾದ ಕಾಯಿಲೆಗಳ ಮಾತಿಗೆ ಬನ್ನಿ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಮನೆಯವರೇ ಊಟಕ್ಕೆ ವಿಷ ಹಾಕುತ್ತಾರೆ ಅನ್ನೋ ಗುಮಾನಿ, ರಾತ್ರಿಯೆಲ್ಲಾ ಅಲೆಯುವುದು, ಸ್ನಾನ ಬಟ್ಟೆ ಯಾವುದರ ಪರಿವೆಯೂ ಇಲ್ಲದಿರುವುದು. ಇವಕ್ಕೂ ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬಾಣಂತಿ ಸನ್ನಿಯನ್ನು ಮಾತ್ರ ಬೇರೆಯಾಗಿ, ಒತ್ತಿ ಹೇಳಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ನಿದ್ದೆ ಬಿಟ್ಟು, ಏನೇನೋ ಮಾತಾಡುತ್ತಾ, ಮಗುವನ್ನು ದೂರ ತಳ್ಳುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಇದೆ. ತಡ ಮಾಡದೆ ಚಿಕಿತ್ಸೆ ಕೊಡಿಸಿದರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಯಾರೋ ಒಬ್ಬರು ಕೇಳೇ ಕೇಳುತ್ತಾರೆ, "ಇದು ಗಾಳಿ ಸೋಕಿದ್ದಲ್ವಾ? ಯಾರೋ ಮಾಟ ಮಾಡ್ಸಿದ್ದಲ್ವಾ?" ಇಲ್ಲಿ ವಾದಕ್ಕೆ ಇಳಿಯಬೇಡಿ. ಮೂಢನಂಬಿಕೆ ಅಂತ ಒಂದು ಮಾತು ಬಂದರೆ ಸಭೆ ಅಲ್ಲಿಗೆ ಮುಗಿಯಿತು. "ಪೂಜೆ ಮಾಡಿಸಿ, ಹರಕೆ ತೀರಿಸಿ, ತಾಯತ ಇರಲಿ. ಜೊತೆಗೆ ಮಾತ್ರೆಯನ್ನೂ ತಗೊಳ್ಳಿ, ನಿಲ್ಲಿಸಬೇಡಿ." ಇಷ್ಟು ಸಾಕು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಇದೇ ದಾರಿ ಹಿಡಿದರು. ಹರಕೆಗೆ ಬಂದವರನ್ನು ದರ್ಗಾದ ಮುಜಾವರರೇ ಅಲ್ಲೇ ಕೂರುವ ಡಾಕ್ಟರ ಹತ್ತಿರ ಕಳಿಸುತ್ತಾರೆ, ದವಾ ಮತ್ತು ದುವಾ, ಅಂದರೆ ಔಷಧಿ ಮತ್ತು ಪ್ರಾರ್ಥನೆ, ಎರಡೂ ಒಟ್ಟಿಗೆ. ನಿಮ್ಮೂರಿನ ಪೂಜಾರಪ್ಪ, ತಾಯತ ಕಟ್ಟುವ ಸಾಬರು, ಮೈಮೇಲೆ ದೇವರು ಬರುವ ಅಮ್ಮ, ಇವರನ್ನು ಸಭೆಗೆ ಮೊದಲೇ ಹೋಗಿ ಕಂಡು ಮಾತಾಡಿಸಿ. ಅವರು ಒಂದು ಮಾತು ಹೇಳಿದರೆ ನಿಮ್ಮ ಹತ್ತು ಮಾತಿಗಿಂತ ಬೇಗ ಜನ ಬಸ್ ಹತ್ತುತ್ತಾರೆ.

ಆದರೆ ಹೊಡೆಯುವುದು, ಬರೆ ಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು, ಸರಪಳಿ ಹಾಕುವುದು, ಇವುಗಳಲ್ಲಿ ರಾಜಿಯೇ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಲ್ಲಿ ಹಿಂಸೆ ಕೊಡುವುದು ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅಪರಾಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮನಸ್ಸಿನ ಕಾಯಿಲೆಯವರನ್ನು ಇಟ್ಟಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಕಾಯಿಲೆಯವರು ಓಡಲಾಗದೆ 28 ಜನ ಸತ್ತರು. ಇದನ್ನು ಹೇಳಿ, ಆದರೆ ಸರಪಳಿ ಹಾಕಿದ ಮನೆಯವರನ್ನು ಬೈಯಬೇಡಿ. ಕೂಲಿಗೆ ಹೋದರೆ ಮಗನನ್ನು ನೋಡಿಕೊಳ್ಳುವವರಿಲ್ಲ, ಹೋಗದಿದ್ದರೆ ಒಲೆ ಹತ್ತುವುದಿಲ್ಲ ಅನ್ನೋ ತಾಯಿ ಬೇರೆ ದಾರಿ ಕಾಣದೆ ಆ ಕೆಲಸ ಮಾಡಿರುತ್ತಾಳೆ. ಆಕೆಗೆ ಬೇಕಾದ್ದು ಮುಂದಿನ ಮಂಗಳವಾರ ಜೊತೆಗೆ ಬರುವ ಒಬ್ಬರು.

ಮದುವೆ ಮಾಡಿದರೆ ಸರಿಹೋಗುತ್ತೆ ಅನ್ನೋ ಮಾತು ಖಂಡಿತಾ ಬರುತ್ತದೆ. ಮದುವೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮುಚ್ಚಿಟ್ಟು ಮಾಡಿದರೆ ಎರಡು ಜೀವ ನರಳುತ್ತವೆ, ಗುಟ್ಟು ಕಾಪಾಡೋಕೆ ಅಂತ ಮಾತ್ರೆಯೂ ನಿಲ್ಲುತ್ತದೆ. ಮಾತ್ರೆ ಚಟ ಆಗುತ್ತಾ ಅಂತ ಕೇಳುತ್ತಾರೆ. ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ, ಆದರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಹುಷಾರಾದ ಮೇಲೂ ಕೆಲವು ತಿಂಗಳು ತಗೊಳ್ಳಬೇಕು, ಡಾಕ್ಟರ್ ಹೇಳದೆ ತಟ್ಟನೆ ಬಿಡಬಾರದು. ಕೆಲವು ನಿದ್ದೆ ಮಾತ್ರೆಗಳು ಮಾತ್ರ ಚಟವಾಗುತ್ತವೆ, ಅದಕ್ಕೇ ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತಗೊಳ್ಳೋದು ಬೇಡ. ಜೋರಾದ ಕಾಯಿಲೆಗೆ ಶುಗರ್, ಬಿಪಿ ಮಾತ್ರೆ ಹಾಗೆ ವರ್ಷಗಟ್ಟಲೆ ಬೇಕಾಗಬಹುದು.

ಸಾಯುವ ಯೋಚನೆಯ ಬಗ್ಗೆ ಕೇಳೋಕೆ ಎಲ್ಲರೂ ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ಲ, ಎದೆ ಹಗುರ ಆಗುತ್ತದೆ. "ಅಣ್ಣಾ, ಬದುಕೋದೇ ಬೇಡ ಅನ್ನಿಸ್ತಿದೆಯಾ?" ಅಂತ ಒಬ್ಬರೇ ಇದ್ದಾಗ ನೇರವಾಗಿ ಕೇಳಿ. ಹೌದು ಅಂದರೆ ಬುದ್ಧಿ ಹೇಳೋಕೆ ಹೋಗಬೇಡಿ, ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ, ಮನೆಯ ಒಬ್ಬರನ್ನು ಜೊತೆಗಿರಿಸಿ, ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿ. ಸಾಲದ ಸಂಕಟ ಇದ್ದರೆ ಅದಕ್ಕೂ ಜೊತೆ ನಿಲ್ಲಿ, ಬ್ಯಾಂಕಿಗೆ ಒಟ್ಟಿಗೆ ಹೋಗಿ. ಬಡ್ಡಿ ಕಟ್ಟೋಕಾಗದ ಸಂಕಟ ಬರೀ ಮಾತ್ರೆಯಿಂದ ತೀರುವುದಿಲ್ಲ. ಮತ್ತೆ ಬೆಳೆಗೆ ಹೊಡೆಯುವ ಔಷಧಿ. ಅದನ್ನು ಮನೆಯೊಳಗೆ ಇಡಲೇಬಾರದು. ಬೇಕಾದಷ್ಟೇ ತರುವುದು, ಉಳಿದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿ ಬೇರೆಯವರ ಹತ್ತಿರ ಕೊಡುವುದು. ಆ ಯೋಚನೆ ಜೋರಾಗಿರುವ ಹೊತ್ತು ಸಾಮಾನ್ಯವಾಗಿ ಸ್ವಲ್ಪ ಹೊತ್ತೇ ಇರುತ್ತದೆ, ಆಗ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಸಾಯೋಕೆ ಪ್ರಯತ್ನಪಟ್ಟವರ ಮನೆಯವರು ಪೊಲೀಸ್ ಕೇಸ್ ಭಯಕ್ಕೆ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಯತ್ನಪಟ್ಟವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ, ಶಿಕ್ಷೆಗೆ ಅಲ್ಲ, ಆರೈಕೆಗೆ ದಾರಿ ಮಾಡುತ್ತದೆ ಅಂತ ತಿಳಿಸಿ. ಊರಲ್ಲಿ ಹಿಂದೆ ಆದ ಸಾವಿನ ವಿವರ ಸಭೆಯಲ್ಲಿ ಎತ್ತಬೇಡಿ.

ಸಭೆಯಲ್ಲಿ ಯಾರ ಹೆಸರೂ ಬೇಡ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ನಿಜವಾದ ಮಾತು ಆಮೇಲೆ ಬರುತ್ತದೆ, ನಲ್ಲಿ ಹತ್ತಿರವೋ ಹೊಲದ ಬದುವಿನ ಮೇಲೋ ಯಾರೋ ಮೆತ್ತಗೆ ಕರೆಯುತ್ತಾರೆ. ಕೇಳಿದ್ದನ್ನು ನಿಮ್ಮ ಮನೆಯಲ್ಲೂ ಹೇಳಬೇಡಿ. ಮೊದಲ ಸಲ ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ. ಹಳೆಯ ಚೀಟಿಗಳು, ತಗೊಂಡ ಮಾತ್ರೆಯ ಖಾಲಿ ಹಾಳೆ, ಆಧಾರ್ ತರೋಕೆ ಹೇಳಿ. ಬಹಳ ವರ್ಷದ ಕಾಯಿಲೆಯಾದರೆ ಅಂಗವಿಕಲರ ಗುರುತಿನ ಚೀಟಿ ಬಗ್ಗೆಯೂ ಡಾಕ್ಟರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನಸ್ಸಿನ ಕಾಯಿಲೆಯೂ ಸೇರಿದೆ, ಪಿಂಚಣಿಗೆ ಅದು ಬೇಕು. ವಾಪಸ್ ಬರುವಾಗ ಮುಂದಿನ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಹದಿನೈದು ದಿನ ಕಳೆದ ಮೇಲೆ ಒಂದು ಸಲ ಮನೆ ಹತ್ತಿರ ಹೋಗಿ ಮಾತ್ರೆ ಎಷ್ಟು ಉಳಿದಿದೆ ನೋಡಿ. ಜಾಸ್ತಿ ಉಳಿದಿದ್ದರೆ ಬೈಯದೆ ಯಾಕೆ ಅಂತ ಕೇಳಿ. ಮಂಪರು, ಬಾಯಿ ಒಣಗುವುದು, ಕೈ ನಡುಕ ಅಂದರೆ ಡೋಸ್ ಬದಲಾಯಿಸಬಹುದು, ಅದನ್ನು ಡಾಕ್ಟರಿಗೆ ತಿಳಿಸಿ.