ಒಂದು ಸುತ್ತು ಹಿಂದಿದ್ದಾಗ ದಾರಿ ಬಿಡುವ ಬಗೆ

ದಾವಣಗೆರೆಯಿಂದ ಬೆಂಗಳೂರಿನ ಟ್ರ್ಯಾಕುಗಳಿಗೆ ಹೋಗಿ ಗೋ-ಕಾರ್ಟ್ ಎಂಬ ಪುಟ್ಟ ತೆರೆದ ಕಾರುಗಳ ರೇಸಿನಲ್ಲಿ ಭಾಗವಹಿಸುವ ನಮ್ಮಂಥವರಿಗೆ ಅಭ್ಯಾಸದ ಅವಕಾಶ ಕಡಿಮೆ. ಆದ್ದರಿಂದ ರೇಸಿನ ನಡುವೆ ಮುಂಚೂಣಿಯವರು ಒಂದು ಪೂರ್ತಿ ಸುತ್ತು ಹೆಚ್ಚು ಓಡಿಸಿ ನಮ್ಮ ಬೆನ್ನಿಗೆ ಬರುವುದು ಸಹಜ. ಆ ಹೊತ್ತಿನಲ್ಲಿ ನಿಧಾನದ ಚಾಲಕ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾರೂ ವಿವರವಾಗಿ ಹೇಳಿಕೊಡುವುದಿಲ್ಲ. ರೇಸಿಗೆ ಮುಂಚಿನ ಬ್ರೀಫಿಂಗಿನಲ್ಲಿ ‘ನೀಲಿ ಬಾವುಟ ಕಂಡರೆ ದಾರಿ ಬಿಡಿ’ ಎಂಬ ಒಂದು ಮಾತು ಸಿಗುತ್ತದೆ, ಅಷ್ಟೇ. ಹಿಂದಿನ ಸಾಲಿನಲ್ಲಿ ಓಡಿಸುತ್ತಲೇ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ದಾರಿ ಬಿಡುವುದೆಂದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಲಿತ ಅಭ್ಯಾಸ: ಹಿಂದಿನವನು ಹಾರನ್ ಹೊಡೆದರೆ ಎಡಕ್ಕೆ ಸರಿದು ಸೈಡ್ ಕೊಡುವುದು. ಹೆದ್ದಾರಿಯಲ್ಲಿ ಅದು ಸೌಜನ್ಯ. ಟ್ರ್ಯಾಕಿನಲ್ಲಿ ಅದೇ ಅಪಘಾತಕ್ಕೆ ಕಾರಣ. ವೇಗವಾಗಿ ಬರುತ್ತಿರುವವನು ನನ್ನ ಕಾರ್ಟ್ ಯಾವ ಜಾಡಿನಲ್ಲಿದೆ, ಮುಂದಿನ ತಿರುವಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ದೂರದಿಂದಲೇ ಲೆಕ್ಕ ಹಾಕಿ, ತಾನು ಯಾವ ಬದಿಯಿಂದ ನುಗ್ಗಬೇಕೆಂದು ಆಗಲೇ ತೀರ್ಮಾನಿಸಿರುತ್ತಾನೆ. ನಾನು ಉಪಕಾರ ಮಾಡುವ ಆತುರದಲ್ಲಿ ತಟ್ಟನೆ ಪಕ್ಕಕ್ಕೆ ಹೊರಳಿದರೆ, ಅವನು ಆರಿಸಿಕೊಂಡ ಜಾಗವನ್ನೇ ಮುಚ್ಚಿದಂತಾಗುತ್ತದೆ. ದಾಟುವ ಹೊಣೆ ಹಿಂದಿನಿಂದ ಬರುವವನದು. ನನ್ನ ನಡೆ ಅವನಿಗೆ ಮುಂಚಿತವಾಗಿ ತಿಳಿಯುವಂತೆ ಓಡಿಸುವ ಹೊಣೆ ನನ್ನದು.

ಇದಕ್ಕೆ ಕಾರ್ಟಿನ ರಚನೆಯೂ ಕಾರಣ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಗೇರಿಲ್ಲದ ಬಹುತೇಕ ಕಾರ್ಟುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಆಕ್ಸಲಿಗೆ ಮಾತ್ರ. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದರೆ ಹಿಂಭಾಗ ಜಾರಿ ಕಾರ್ಟ್ ಅಡ್ಡ ನಿಲ್ಲುತ್ತದೆ. ಚಕ್ರಗಳ ತಾಗುವಿಕೆ ಇನ್ನೂ ಗಂಭೀರ. ಮುಂದಿರುವ ಕಾರ್ಟಿನ ಹಿಂಚಕ್ರದ ಹಿಂಬದಿ ತಿರುಗುತ್ತ ಮೇಲಕ್ಕೆ ಏರುತ್ತಿರುತ್ತದೆ; ಹಿಂದಿನವನ ಮುಂಚಕ್ರ ಅದಕ್ಕೆ ತಾಗಿದರೆ, ಅದು ಆ ಚಕ್ರವನ್ನು ಎತ್ತಿ ಇಡೀ ಕಾರ್ಟನ್ನೇ ಮಗುಚಬಲ್ಲದು. ಕಾರ್ಟ್ ಚಿಕ್ಕದು, ನೆಲಕ್ಕೆ ಅಂಟಿಕೊಂಡಂತಿರುವುದು ಎಂದು ಇದನ್ನು ಹಗುರವಾಗಿ ಕಾಣುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ.

ಕಾರ್ಟಿಗೆ ಕನ್ನಡಿಯಿಲ್ಲ, ಹೆಲ್ಮೆಟ್ ಹಾಕಿದ ತಲೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಲಾಗದು. ಆದ್ದರಿಂದ ಬಂದ ದಿಕ್ಕಿಗೇ ಹಿಂತಿರುಗಿಸುವ ಹೇರ್‌ಪಿನ್ ತಿರುವಿನಿಂದ ಹೊರಬರುವಾಗ, ಆಗಷ್ಟೇ ಬಿಟ್ಟು ಬಂದ ನೇರ ಹಾದಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಹಿಂದೆ ಯಾರಿದ್ದಾರೆ, ಎಷ್ಟು ಅಂತರವಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಬಾವುಟ ತೋರಿಸುವ ಮಾರ್ಷಲ್‌ಗಳು ನಿಲ್ಲುವ ಜಾಗಗಳನ್ನು ರೇಸಿಗೆ ಮೊದಲೇ ನೋಡಿ ನೆನಪಿಟ್ಟುಕೊಳ್ಳುತ್ತೇನೆ.

ನೀಲಿ ಬಾವುಟ ಕಂಡ ಮೇಲೆ ನಾನು ಮಾಡುವುದು ಇಷ್ಟು. ಎದುರಿಗೆ ತಿರುವಿದ್ದರೆ ಅದನ್ನು ಎಂದಿನ ಜಾಡಿನಲ್ಲೇ, ಎಂದಿನ ವೇಗದಲ್ಲೇ ಮುಗಿಸುತ್ತೇನೆ. ತಿರುವು ಮುಗಿದು ಸ್ಟೀರಿಂಗ್ ನೆಟ್ಟಗಾದ ಕೂಡಲೇ, ಯಾವ ಬದಿ ತೆರೆದಿದೆಯೋ ಆ ಕಡೆಗೆ ಒಂದು ಕೈಯನ್ನು ತಗ್ಗಿಸಿ ತೋರಿಸುತ್ತೇನೆ. ಕೈಯನ್ನು ಮೇಲೆತ್ತುವುದಿಲ್ಲ, ಏಕೆಂದರೆ ಎತ್ತಿದ ಕೈ ‘ನನ್ನ ಕಾರ್ಟಿಗೆ ತೊಂದರೆಯಾಗಿದೆ’ ಅಥವಾ ‘ಪಿಟ್‌ಗೆ (ಟ್ರ್ಯಾಕಿನ ಬದಿಯ ರಿಪೇರಿ ಜಾಗಕ್ಕೆ) ಹೋಗುತ್ತಿದ್ದೇನೆ’ ಎಂಬುದರ ಸೂಚನೆ. ಬಳಿಕ ಬ್ರೇಕನ್ನು ಮುಟ್ಟದೆ, ಬಲಗಾಲನ್ನು ಆಕ್ಸಿಲರೇಟರಿನಿಂದ ಕ್ಷಣಕಾಲ ಸಡಿಲಿಸುತ್ತೇನೆ. ಅವನು ಪಕ್ಕಕ್ಕೆ ಬಂದು ಮುಂದೆ ಹೋದ ತಕ್ಷಣ ಮತ್ತೆ ಪೂರ್ತಿ ಒತ್ತುತ್ತೇನೆ. ಹೀಗೆ ಬಿಟ್ಟರೆ ಇಬ್ಬರಿಗೂ ಆಗುವ ನಷ್ಟ ಅತ್ಯಲ್ಪ. ಜಾಡು ಬಿಟ್ಟು ಅಂಚಿಗೆ ಹೋದರೆ ಅಲ್ಲಿರುವ ಧೂಳು, ಟೈರಿನಿಂದ ಕಿತ್ತು ಬಿದ್ದ ರಬ್ಬರ್ ಚೂರುಗಳು ಚಕ್ರಕ್ಕೆ ಮೆತ್ತಿಕೊಂಡು ಮುಂದಿನ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ದಾಟಿ ಹೋದವನ ಹಿಂದೆ ಸಾಧ್ಯವಾದಷ್ಟು ದೂರ ಅಂಟಿಕೊಂಡು ಹೋಗುವುದು ನನಗೆ ದೊರೆತ ಅತ್ಯುತ್ತಮ ಪಾಠ; ಅವನು ಎಲ್ಲಿ ಬ್ರೇಕ್ ಒತ್ತುತ್ತಾನೆ, ಎಲ್ಲಿ ಬಿಡುತ್ತಾನೆ ಎಂಬುದು ಅಷ್ಟು ಹತ್ತಿರದಿಂದ ಬೇರೆಲ್ಲೂ ಕಾಣಸಿಗದು.

ಮುಂಚೂಣಿಯ ಇಬ್ಬರು ಪರಸ್ಪರ ಪೈಪೋಟಿಯಲ್ಲಿ ಒಟ್ಟಿಗೆ ಬಂದಾಗ ಹೆಚ್ಚು ವಿವೇಚನೆ ಬೇಕು. ಒಬ್ಬನನ್ನು ಮಾತ್ರ ಬಿಟ್ಟು ಮುಂದಿನ ತಿರುವಿಗೆ ಇಳಿದರೆ, ಎರಡನೆಯವನು ನನ್ನ ಹಿಂದೆ ಸಿಕ್ಕಿಕೊಂಡು, ಅವರಿಬ್ಬರ ರೇಸಿನ ಫಲಿತಾಂಶವನ್ನು ನಾನು ಬದಲಿಸಿದಂತಾಗುತ್ತದೆ. ಆದ್ದರಿಂದ ಇಬ್ಬರೂ ದಾಟುವಷ್ಟು ಉದ್ದದ ಹಾದಿ ಬರುವವರೆಗೆ ಕಾಯುತ್ತೇನೆ, ಅಥವಾ ಕಾಲನ್ನು ಇನ್ನಷ್ಟು ಹೊತ್ತು ಸಡಿಲಿಸಿ ಇಬ್ಬರನ್ನೂ ಒಂದೇ ಸಲ ಬಿಡುತ್ತೇನೆ.

ಪಿ.ಬಿ. ರಸ್ತೆಯ ಟೈರ್ ಅಂಗಡಿಗಳಿಂದ ತಂದ ಹಳೆಯ ಟೈರುಗಳನ್ನು ಖಾಲಿ ಮೈದಾನದಲ್ಲಿ ಜೋಡಿಸಿ ಅಭ್ಯಾಸ ಮಾಡುವ ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, “ಅಣ್ಣಾ, ಹಿಂದೆ ಯಾರೇ ಬಂದರೂ ಬಿಡಬೇಕಾ?” ಎಂದು ಕೇಳಿದ್ದ. “ಇಲ್ಲಪ್ಪ, ನಿನ್ನ ಸ್ಥಾನಕ್ಕಾಗಿಯೇ ಪೈಪೋಟಿಗೆ ಬಂದವನಿಗೆ ಯಾಕೆ ಬಿಡ್ತೀಯ? ಒಂದು ಸುತ್ತು ಮುಂದಿರುವವನಿಗೆ ಮಾತ್ರ ಬಿಡು,” ಎಂದೆ. ಈ ವ್ಯತ್ಯಾಸ ತಿಳಿಯದೆ ಎಲ್ಲರಿಗೂ ಜಾಗ ಬಿಡುವ ಹೊಸಬರು ತಮ್ಮ ರೇಸನ್ನೇ ಕಳೆದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಕಾರ್ಟಿಂಗಿನಲ್ಲಿ ಕೆಂಪು ಓರೆಪಟ್ಟಿಗಳುಳ್ಳ ನೀಲಿ ಬಾವುಟವೂ ಇದೆ; ಅದನ್ನು ಒಬ್ಬ ಚಾಲಕನ ಕಾರ್ಟಿನ ಸಂಖ್ಯೆಯೊಡನೆ ತೋರಿಸಿದರೆ ಒಂದು ಸುತ್ತು ಹಿಂದೆ ಬಿದ್ದ ಆ ಚಾಲಕ ರೇಸ್ ನಿಲ್ಲಿಸಿ ಹೊರಬರಬೇಕು.

ಅಪಾಯ ಸೂಚಿಸುವ ಹಳದಿ ಬಾವುಟ ಬೀಸುತ್ತಿರುವ ಜಾಗದಲ್ಲಿ ಯಾರೂ ಯಾರನ್ನೂ ದಾಟುವಂತಿಲ್ಲ. ಅಲ್ಲಿ ಹಿಂದಿನವನು ಎಷ್ಟೇ ಅವಸರಪಟ್ಟರೂ ನಾನು ಬಿಡುವುದಿಲ್ಲ. ಕಾರ್ಟ್ ಗಿರಕಿ ಹೊಡೆದು ನಿಂತರೆ ಎರಡೂ ಕೈ ಎತ್ತಿ, ಬ್ರೇಕ್ ಒತ್ತಿ ಹಿಡಿದು, ಬರುತ್ತಿರುವವರೆಲ್ಲ ಹೋಗುವ ತನಕ ಕದಲದೆ ಕೂರುತ್ತೇನೆ. ಮಾರ್ಷಲ್ ಸನ್ನೆ ಮಾಡಿದ ಮೇಲೆ ಅಂಚಿನಿಂದ ನಿಧಾನವಾಗಿ ಹೊರಟು, ವೇಗ ಬಂದ ಬಳಿಕ ಜಾಡಿಗೆ ಸೇರುತ್ತೇನೆ.