ಹಸಿರು ಕಲ್ಲಿನಿಂದ ತಾಮ್ರದ ದಬ್ಬಳ: ಸ್ಟೆಪ್ ಅಲೆಮಾರಿಗಳ ದಾರಿ

ಕ್ರಿ.ಪೂ. 3300ರಿಂದ 2600ರ ಸುಮಾರಿಗೆ ಯೂರೇಷಿಯಾದ ಸ್ಟೆಪ್ ಹುಲ್ಲುಗಾವಲಿನಲ್ಲಿ ಕುರಿ, ದನ, ಗಾಡಿ ಜೊತೆ ಸುತ್ತುತ್ತಿದ್ದ ಯಾಮ್ನಾಯಾ ಜನರ ಸಮಾಧಿಗಳಲ್ಲಿ ತಾಮ್ರದ ಚಾಕು, ನಾಲ್ಕು ಮೂಲೆಯ ದಬ್ಬಳ ಸಿಗುತ್ತವೆ. ಅವರಿಗೆ ತಾಮ್ರ ಕೊಟ್ಟ ಜಾಗಗಳಲ್ಲಿ ದೊಡ್ಡದು ಉರಲ್ ಬೆಟ್ಟಗಳ ದಕ್ಷಿಣದ ಕಾರ್ಗಾಲಿ. ಅಲ್ಲಿನ ಒಂದು ಸಮಾಧಿಯಲ್ಲಿ ಒಬ್ಬ ಹುಡುಗನ ಜೊತೆ ಕೊಡಲಿ ಎರಕ ಹೊಯ್ಯುವ ಅಚ್ಚನ್ನೂ ಇಟ್ಟಿದ್ದರು. ಆ ಅಚ್ಚಿನ ಬಗ್ಗೆ ಓದಿದಾಗಿನಿಂದ ನನಗೆ ಈ ಕೆಲಸದ ಹುಚ್ಚು.

ಕೊಡಲಿ ಆಮೇಲೆ ನೋಡೋಣ. ಮೊದಲು ದಬ್ಬಳ ಮಾಡಿ.

ಅದಿರಿಗೆ ಮ್ಯಾಲಕೈಟ್ ತಗೊಳ್ಳಿ, ಕಾರ್ಗಾಲಿಯಲ್ಲಿ ಇದ್ದದ್ದೂ ಇದೇ ಹಸಿರು ಕಲ್ಲು. ಶುದ್ಧವಾಗಿದ್ದರೆ 100 ಗ್ರಾಂನಲ್ಲಿ ಸುಮಾರು 57 ಗ್ರಾಂ ತಾಮ್ರ ಇರುತ್ತದೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಸ್ವಲ್ಪ ನೀರು ಚಿಮುಕಿಸಿ ಕುಟ್ಟಿ, ಆ ಧೂಳು ಮೂಗಿಗೆ ಹೋಗಬಾರದು.

ಜೇಡಿಮಣ್ಣಿಗೆ ಮರಳು, ಕತ್ತರಿಸಿದ ಹುಲ್ಲು ಸೇರಿಸಿ ದಪ್ಪ ಗೋಡೆಯ ಮೂಸೆ, ಅಂದರೆ ಲೋಹ ಕರಗಿಸುವ ಬಟ್ಟಲು ಮಾಡಿ. ಅದೇ ಮಣ್ಣಿನಲ್ಲಿ ಒಂದು ಗಾಳಿ ಕೊಳವೆ, ಬೆರಳುದ್ದದ ತೋಡು ಇರುವ ಒಂದು ತೆರೆದ ಅಚ್ಚು. ಇವಿಷ್ಟೂ ಒಂದು ಚೀಲದಲ್ಲಿ ಹಿಡಿಯುತ್ತವೆ, ಅಲೆಮಾರಿಗಳಿಗೆ ಬೇಕಾದದ್ದೂ ಅದೇ ಅಲ್ವಾ? ಯಾಮ್ನಾಯಾ ನಂತರ ಬಂದ ಕ್ಯಾಟಕೋಂಬ್ ಸಂಸ್ಕೃತಿಯ ಕೆಲವು ಕುಶಲಕರ್ಮಿಗಳ ಸಮಾಧಿಗಳಲ್ಲಿ ಮೂಸೆ, ಕೊಳವೆ, ಅಚ್ಚು ಸಿಕ್ಕಿವೆ. ಎಲ್ಲವನ್ನೂ ಪೂರ್ತಿ ಒಣಗಿಸಿ, ಸುಡಿ. ಅಚ್ಚಿನಲ್ಲಿ ಹನಿ ನೀರಿದ್ದರೂ ಕರಗಿದ ತಾಮ್ರ ಮುಖಕ್ಕೆ ಸಿಡಿಯುತ್ತದೆ, ಇದರಲ್ಲಿ ಅವಸರ ಬೇಡವೇ ಬೇಡ.

ಬಯಲಿನಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿಸಿ. ಮೂಸೆಯಲ್ಲಿ ಅದಿರಿನ ಪುಡಿ ಮತ್ತು ಇದ್ದಿಲ ಪುಡಿ ಬೆರೆಸಿಟ್ಟು, ಮೇಲೂ ಇದ್ದಿಲು ಮುಚ್ಚಿ, ಚರ್ಮದ ತಿದಿಯಿಂದ ಆ ಕೊಳವೆಯ ಮೂಲಕ ಒಂದೇ ಸಮ ಊದುತ್ತಾ ಇರಿ. ಹಸಿರು ಮೊದಲು ಕಪ್ಪಾಗುತ್ತದೆ, ಆಮೇಲೆ ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಆ ಕಪ್ಪು ಪುಡಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ತಾಮ್ರವನ್ನು ಬಿಟ್ಟುಕೊಡುತ್ತದೆ. ಆ ಅನಿಲ ವಿಷ, ಅದಕ್ಕೇ ಬಯಲು ಬೇಕು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಸುಮ್ನೆ ಉರಿಯುವ ಬೆಂಕಿ ಅಲ್ಲಿಗೆ ಮುಟ್ಟುವುದಿಲ್ಲ. ಇಬ್ಬರು ಸರದಿಯಲ್ಲಿ ಊದಿ. ಕೆಂಪಲ್ಲ, ಹಳದಿ ಬಣ್ಣದ ಕಾವು ಬರಬೇಕು. ಕರಗಿದ ಮೇಲೆ ತೇಲುವ ಕಿಟ್ಟ (ಅದಿರಿನ ಕಸ) ಸರಿಸಿ, ಬಿಸಿ ಮಾಡಿದ ಅಚ್ಚಿಗೆ ಒಂದೇ ಧಾರೆಯಲ್ಲಿ ಹೊಯ್ಯಿರಿ.

ನನಗೆ ಇಷ್ಟದ ಭಾಗ ಇನ್ನು ಮುಂದೆ. ತಣ್ಣಗಾದ ಕಡ್ಡಿಯನ್ನು ಕಲ್ಲಿನ ಮೇಲಿಟ್ಟು ಬಡಿಯಿರಿ, ಒಂದು ಏಟು, ಕಾಲು ಸುತ್ತು ತಿರುಗಿಸಿ ಇನ್ನೊಂದು ಏಟು, ಆಗ ನಾಲ್ಕು ಮೂಲೆ ತಾನಾಗಿ ಬರುತ್ತದೆ. ಬಡಿದಂತೆ ತಾಮ್ರ ಗಟ್ಟಿಯಾಗುತ್ತದೆ, ಏಟಿನ ಸದ್ದು ಬದಲಾಗುತ್ತದೆ. ಆಗಲೂ ಬಡಿದರೆ ಬಿರುಕು ಖಂಡಿತ. ಮಂದ ಕೆಂಪಿಗೆ ಕಾಯಿಸಿ, ಅದು ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಅದ್ದಬಹುದು, ಉಕ್ಕಿನ ಹಾಗೆ ಗಡಸಾಗುವುದಿಲ್ಲ. ಹೀಗೆ ಕಾಯಿಸಿ, ಬಡಿದು, ತುದಿಯನ್ನು ಸಣ್ಣ ಮಾಡುತ್ತಾ ಹೋಗಿ. ಕೊನೆಯ ಸುತ್ತು ಮಾತ್ರ ತಣ್ಣಗೆ ಬಡಿದು ಹಾಗೇ ಬಿಡಿ, ತುದಿಗೆ ಬಲ ಬರುವುದು ಅದರಿಂದಲೇ.

ಕ್ರಿ.ಪೂ. 2100ರ ನಂತರ ಉರಲ್ ಪೂರ್ವದ ಸಿಂತಾಷ್ಟಾ ಜನ ಆರ್ಸೆನಿಕ್ ಬೆರೆತ ತಾಮ್ರ ಬಳಸುತ್ತಿದ್ದರು, ಬಡಿದರೆ ಅದು ಇನ್ನೂ ಗಟ್ಟಿ. ಅದರ ಹೊಗೆ ಕೊಲ್ಲುವ ವಿಷ, ಪ್ರಯತ್ನಿಸಲೇಬೇಡಿ.

ತುದಿಯನ್ನು ಮರಳುಗಲ್ಲಿಗೆ ಉಜ್ಜಿ ಚೂಪು ಮಾಡಿ, ಹಿಂಬದಿಗೆ ಮರದ ಹಿಡಿ ಹಾಕಿ, ದಪ್ಪ ಚರ್ಮಕ್ಕೆ ಚುಚ್ಚಿ ನೋಡಿ. ಬಾಗಿದರೆ ಮುರಿದಿಲ್ಲ ಅಂದುಕೊಳ್ಳಿ, ನೆಟ್ಟಗೆ ಮಾಡಿ ತುದಿಗೆ ಇನ್ನೊಂದಿಷ್ಟು ತಣ್ಣನೆಯ ಏಟು ಕೊಡಿ.