ವೀಣೆಗೆ ಮೈಕೂ ಬೇಕು, ಪಿಕಪ್ಪೂ ಬೇಕು

ಮನೆಯಲ್ಲೇ ವೀಣೆ ಧ್ವನಿಮುದ್ರಿಸುವವರು ಸಾಮಾನ್ಯವಾಗಿ ಎದುರಿಗೊಂದು ಮೈಕ್ ನಿಲ್ಲಿಸುತ್ತಾರೆ, ಇಲ್ಲವೇ ಸಂಗೀತ ಕಚೇರಿಗೆ ಬಳಸುವ, ವಾದ್ಯದ ಮೈಗೇ ಅಂಟಿಸುವ ಪಿಕಪ್ಪನ್ನೇ ಕಂಪ್ಯೂಟರಿಗೆ ಜೋಡಿಸುತ್ತಾರೆ. ನಾನು ಎರಡನ್ನೂ ಒಟ್ಟಿಗೆ ಮುದ್ರಿಸುತ್ತೇನೆ. ಕಾರಣ ಗಮಕ, ಅಂದರೆ ಸ್ವರವನ್ನು ಎಳೆದು ಬಳುಕಿಸುವುದು. ಸಾರಣಿ ಎಂಬ ಮೊದಲ ತಂತಿಯನ್ನು ಒಮ್ಮೆ ಮೀಟಿ, ಅದೇ ಮೆಟ್ಟಿಲ (ಫ್ರೆಟ್) ಮೇಲೆ ತಂತಿ ಎಳೆದು ಮೂರು ಸ್ವರ ಹೇಳಿಸುವಾಗ, ಮೂರನೆಯದಕ್ಕೆ ಉಳಿದಿರುವ ನಾದ ತೀರ ಕಡಿಮೆ. ಅಷ್ಟರಲ್ಲಿ ಮೈಕಿನೊಳಗೆ ರಸ್ತೆಯ ಸದ್ದು, ಪಕ್ಕದ ಮನೆಯ ಮಿಕ್ಸಿ ಮೇಲೆದ್ದಿರುತ್ತವೆ. ಪಿಕಪ್ ಮರದ ಕಂಪನವನ್ನು ಹಿಡಿಯುವುದರಿಂದ ಆ ಎಳೆತ ಕೊನೆಯವರೆಗೂ ಅದರಲ್ಲಿ ಸ್ಪಷ್ಟವಾಗಿರುತ್ತದೆ. ಹಾಗೆಂದು ಪಿಕಪ್ಪೊಂದನ್ನೇ ನೆಚ್ಚಿದರೆ ಮೀಟು ಚುಚ್ಚುತ್ತದೆ, ಕೊಡದ, ಅಂದರೆ ವೀಣೆಯ ಟೊಳ್ಳು ಬುರುಡೆಯ, ತುಂಬುನಾದ ಎಲ್ಲೋ ಹೋಗಿಬಿಡುತ್ತದೆ. ಅದು ವೀಣೆಯೆಂದು ಕಿವಿ ಒಪ್ಪಬೇಕಾದರೆ ಮೈಕ್ ಬೇಕೇ ಬೇಕು.

ನನ್ನ ಪಿಕಪ್ ತೆಳುವಾದ ಪೀಜೋ ಬಿಲ್ಲೆ, ಕಂಪನವನ್ನು ವಿದ್ಯುತ್ತಾಗಿಸುವಂಥದು. ಅದನ್ನು ತಂತಿಗಳನ್ನು ಹೊರುವ ಕುದುರೆಗೆ ಒತ್ತಿದಂತೆ ಅಂಟಿಸಿದರೆ ಧ್ವನಿ ಲೋಹದಂತೆ ಗಡಸಾಗುತ್ತದೆ. ನಾಲ್ಕು ಬೆರಳು ಆಚೆಗೆ, ಹಲಗೆಯ ಮೇಲೆ ಇಟ್ಟಾಗ ಮೆತ್ತಗಾಯಿತು. ಮೆರುಗು ಕಿತ್ತುಬರದಂತೆ ಅಂಟುಹಿಟ್ಟಿನ ತೆಳು ಪದರ ಸಾಕು. ಈ ಬಗೆಯ ಪಿಕಪ್ಪನ್ನು, ಕಂಪ್ಯೂಟರಿಗೆ ಶಬ್ದ ಸಾಗಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಮಂದ್ರವೆಲ್ಲ ಸೋರಿಹೋಗುತ್ತದೆ. ಪೀಜೋ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಕೆಪಾಸಿಟರ್. ಎದುರಿನ ಪ್ರತಿರೋಧ ಕಡಿಮೆಯಾದಷ್ಟೂ ಕೆಳಗಿನ ಸ್ವರಗಳು ಸೊರಗುತ್ತವೆ. ಗಿಟಾರಿಗೆಂದು ಇರುವ, ಸುಮಾರು 1 ಮೆಗಾ ಓಮ್‌ನ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟನ್ನೇ ಬಳಸಬೇಕು. ಷಡ್ಜವನ್ನು ‘ಇ’ ಸ್ವರಕ್ಕೆ ಕೂಡಿಸಿದ ನನ್ನ ವೀಣೆಯಲ್ಲಿ ಅತಿ ಕೆಳಗಿನ ತಂತಿಯಾದ ಅನುಮಂದ್ರ ಪಂಚಮ 62 ಹರ್ಟ್ಸ್‌ನ ಆಸುಪಾಸಿನಲ್ಲಿದೆ. ಅದು ಹೋದರೆ ತಾನಕ್ಕೆ, ಅಂದರೆ ಲಯದ ಓಟದಲ್ಲಿ ನುಡಿಸುವ ಭಾಗಕ್ಕೆ, ನೆಲವೇ ಇರುವುದಿಲ್ಲ.

ಮೈಕ್ ಸಣ್ಣ ಡಯಾಫ್ರಮ್‌ನ ಕಂಡೆನ್ಸರ್, ಅದಕ್ಕೆ ಮೈಕಿನ ತಂತಿಯಲ್ಲೇ ಹರಿಯುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತು. ಕೊಡದ ಮೇಲೆ 30 ಸೆಂಟಿಮೀಟರ್ ಎತ್ತರದಲ್ಲಿ, ಮುಖವನ್ನು ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ ಹಲಗೆಯತ್ತ ತಿರುಗಿಸುತ್ತೇನೆ. ಮೀಟುವ ಬೆರಳಿಗೆ ನೇರವಾಗಿ ಹಿಡಿದರೆ ಸ್ವರಕ್ಕಿಂತ ಮೊದಲು ಉಗುರಿನ ಸದ್ದು ಬರುತ್ತದೆ. ತಂಬೂರಿ ಶ್ರುತಿ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಮಾತ್ರ. ಒಮ್ಮೆ ಮೈಕಿಗೆ ಸೇರಿಕೊಂಡ ಶ್ರುತಿಯನ್ನು ಮತ್ತೆ ಬೇರ್ಪಡಿಸಲಾಗದು.

ಧ್ವನಿಮುದ್ರಣದ ರೀಪರ್ ತಂತ್ರಾಂಶದಲ್ಲಿ ಎರಡು ಮೋನೊ (ಒಂದೇ ಧಾರೆಯ) ಟ್ರ್ಯಾಕ್ ತೆರೆದು, ಒಂದಕ್ಕೆ ಮೊದಲ ಇನ್‌ಪುಟ್, ಇನ್ನೊಂದಕ್ಕೆ ಎರಡನೆಯದು ಕೊಟ್ಟು, ಎರಡನ್ನೂ ರೆಕಾರ್ಡಿಗೆ ಸಜ್ಜುಗೊಳಿಸುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಶಬ್ದದ 48,000 ಅಳತೆಯ ಚುಕ್ಕೆ. ಅತಿ ಜೋರಾದ ಮೀಟೂ ರೀಪರಿನ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು.

ನಿಜವಾದ ಕೆಲಸ ಮುದ್ರಣವಾದ ಮೇಲಿದೆ. ಎರಡೂ ಟ್ರ್ಯಾಕನ್ನು ಸಮಸಮ ಏರಿಸಿ ಕೇಳಿದರೆ ಧ್ವನಿ ದಪ್ಪವಾಗುವ ಬದಲು ಟೊಳ್ಳಾಗುತ್ತದೆ. ಒಂದೇ ಒಂದು ಒಂಟಿ ಮೀಟನ್ನು ಆರಿಸಿ, ಅಲೆಯ ಚಿತ್ರವನ್ನು ಚುಕ್ಕೆ ಚುಕ್ಕೆ ಕಾಣುವಷ್ಟು ಹಿಗ್ಗಿಸಿ ನೋಡಿ. ಪಿಕಪ್ಪಿನ ಗೆರೆ ಸರಕ್ಕನೆ ಮೇಲೇಳುತ್ತದೆ. ಕೆಳಗಿನ ಟ್ರ್ಯಾಕಿನಲ್ಲಿ ಮೈಕಿನ ಗೆರೆ ಇನ್ನೂ ಸಪಾಟು. ಸುಮಾರು 42 ಚುಕ್ಕೆ ಕಳೆದ ಮೇಲೆ ಅದು ಅಲುಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ, 30 ಸೆಂಟಿಮೀಟರಿಗೆ 0.87 ಮಿಲಿಸೆಕೆಂಡ್ ಹಿಡಿಯುತ್ತದೆ. ಕಿವಿಗೆ ಇದು ತಡವೆಂದು ತಿಳಿಯುವುದಿಲ್ಲ, ಆದರೆ ಇಷ್ಟು ಅಂತರದ ಎರಡು ಅಲೆ ಕೂಡಿದಾಗ 570 ಹರ್ಟ್ಸ್‌ನ ಸುತ್ತ ಒಂದನ್ನೊಂದು ಅಳಿಸುತ್ತವೆ, ಮತ್ತೆ 1700ರ ಹತ್ತಿರ, ಹೀಗೇ ಮೇಲಕ್ಕೆ. ಟೊಳ್ಳುತನದ ಮೂಲ ಇದೇ.

ನಾನು ಪಿಕಪ್ಪಿನ ಮುದ್ರಣವನ್ನು ಅಷ್ಟೇ ತಡಮಾಡಿ ಹಿಂದಕ್ಕೆ ತಳ್ಳುತ್ತೇನೆ. ಅದರ ಟ್ರ್ಯಾಕಿಗೆ ರೀಪರ್ ಜೊತೆಗೇ ಬರುವ ಟೈಮ್ ಅಡ್ಜಸ್ಟ್‌ಮೆಂಟ್ ಡಿಲೇ ಹಾಕಿ, ಮೊದಲು ಲೆಕ್ಕದ ಅಂಕಿ ಕೊಟ್ಟು, ಬಳಿಕ ಎಲ್ಲವನ್ನೂ ಮೋನೊ ಮಾಡಿ ಕೇಳುತ್ತಾ ಚೂರುಚೂರೇ ಸರಿಸುತ್ತೇನೆ. ಮೈಕಿಗೆ ತಲಪುವುದು ಒಂದು ಬಿಂದುವಿನ ಶಬ್ದವಲ್ಲ, ಇಡೀ ಹಲಗೆಯದು, ಕೊಡದ್ದು; ಆದ್ದರಿಂದ ಕರಾರುವಾಕ್ಕಾದ ಹೊಂದಿಕೆ ಎಂಬುದಿಲ್ಲ, ಮಂದ್ರ ತುಂಬಿಬರುವ ಜಾಗವೊಂದಿದೆ ಅಷ್ಟೆ. ಪಿಕಪ್ಪಿನ ಮೊದಲ ಏರು ಮೈಕಿನಲ್ಲಿ ಇಳಿವಾಗಿ ಕಂಡರೆ ಟ್ರ್ಯಾಕಿನ ಫೇಸ್ ಬಟನ್ ಒತ್ತಿ ಅಲೆಯನ್ನು ತಲೆಕೆಳಗು ಮಾಡಿ, ಎರಡು ಬಗೆಯನ್ನೂ ಕೇಳಿ ನೋಡುವುದು ಕಡ್ಡಾಯ. ಮೈಕ್ ಕದಲಿದರೆ ಈ ಲೆಕ್ಕವೆಲ್ಲ ಮೊದಲಿನಿಂದ. ಅದಕ್ಕೇ ಸ್ಟ್ಯಾಂಡಿನ ಕಾಲಿಗೂ ನಾನು ಕೂರುವ ಚಾಪೆಗೂ ನೆಲದ ಮೇಲೆ ಟೇಪಿನ ಗುರುತು ಹಾಕಿರುತ್ತೇನೆ.

ಇನ್ನು ಪಾಲು. ನನ್ನ ಕಿವಿಗೆ ಮೈಕೇ ವೀಣೆ, ಪಿಕಪ್ ಅದರ ಬೆನ್ನಿಗೆ ನಿಂತ ಆಸರೆ. ಮೈಕನ್ನು ಮೊದಲು ಏರಿಸಿ, ಪಿಕಪ್ಪನ್ನು ತಳದಿಂದ ತರುತ್ತಾ, ಅದು ಇದೆಯೆಂದು ಗೊತ್ತಾದ ಕ್ಷಣ ಸ್ವಲ್ಪ ಇಳಿಸುತ್ತೇನೆ. ಒಂದೆರಡು ಕಿಲೋಹರ್ಟ್ಸ್ ಸುತ್ತಲಿನ ಅದರ ಚುಚ್ಚನ್ನೂ ಈಕ್ವಲೈಜರಿನಿಂದ ತಗ್ಗಿಸುತ್ತೇನೆ. ಆಲಾಪನೆಯಲ್ಲಿ ಉದ್ದ ಎಳೆತಗಳಿರುವೆಡೆ ಪಿಕಪ್ಪನ್ನು ಕೈಯಾರೆ ಒಂದೆರಡು ಡೆಸಿಬೆಲ್ ಏರಿಸುವುದುಂಟು. ತಾನಕ್ಕೆ ಬಂದಾಗ ಮೀಟಿನ ಮೇಲೆ ಮೀಟು ಬೀಳುತ್ತದೆ, ನಾದ ಆರಲು ಪುರಸೊತ್ತೇ ಇಲ್ಲ. ಅಲ್ಲಿ ಪಿಕಪ್ ಬಹುತೇಕ ಮೌನ.